ಬಿಸಿಲೂರಿನ ಕೋಯಿ ಕೊಳಕ್ಕೆ ಫಿಲ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆ ಹಿತ್ತಲಲ್ಲಿ ಕೋಯಿ ಸಾಕಬೇಕೆನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಲೆಕ್ಕ ಬಂದ ಕಡೆಯಲ್ಲೆಲ್ಲ ಒಂದೇ ಕೊಳವನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ: 10 ಅಡಿ ಉದ್ದ, 8 ಅಡಿ ಅಗಲ, ನಾಲ್ಕೂವರೆ ಅಡಿ ಆಳ. ಅಂದರೆ ಸುಮಾರು 10,000 ಲೀಟರ್. ನಿಮ್ಮ ಕೊಳದ ಅಳತೆಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಿ.

ನಮ್ಮ ಬಿಸಿಲಿಗೆ ಕೋಯಿ ಬದುಕುತ್ತವಾ?

ಬದುಕುತ್ತವೆ. ಕೋಯಿ ಅಂದರೆ ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆಯದೇ ಬಣ್ಣದ ತಳಿ. ಜಪಾನಿನ ನೀಗಾತಾ ಪ್ರಾಂತ್ಯದ ಭತ್ತದ ರೈತರು 19ನೇ ಶತಮಾನದಲ್ಲಿ ಬಣ್ಣ ಬಂದ ಗೆಂಡೆಗಳನ್ನು ಆರಿಸಿ ಆರಿಸಿ ಬೆಳೆಸಿದರು. 1914ರ ಟೋಕಿಯೊ ಪ್ರದರ್ಶನದ ನಂತರ ಅದು ಹೊರಗಿನವರ ಕಣ್ಣಿಗೆ ಬಿತ್ತು. ಹಿಮ ಬೀಳುವ ಊರಿನ ತಳಿಯಾದರೂ ಗೆಂಡೆಯ ಗಟ್ಟಿತನ ಹೋಗಿಲ್ಲ.

ನೀರು 20ರಿಂದ 28 ಡಿಗ್ರಿ ಇದ್ದರೆ ಅವಕ್ಕೆ ಹಿತ. 30 ದಾಟಿದರೆ ತಡೆದುಕೊಳ್ಳುತ್ತವೆ, 32-33ರ ಮೇಲೆ ಒದ್ದಾಡುತ್ತವೆ, 35ರ ಆಸುಪಾಸಿನಲ್ಲಿ ದಿನಗಟ್ಟಲೆ ಇಟ್ಟರೆ ಜೀವಕ್ಕೇ ಅಪಾಯ. ಹೊರಗೆ 42 ಡಿಗ್ರಿ ಇದೆಯೆಂದು ನೀರೂ 42 ಆಗುವುದಿಲ್ಲ. ಆಳ, ನೆರಳು, ಗಾಳಿಯಾಡುವಿಕೆ ಮೂರೂ ಸರಿಯಿದ್ದರೆ ಮೇ ತಿಂಗಳಲ್ಲೂ 30-31ರ ಹತ್ತಿರ ಹಿಡಿದಿಡಬಹುದು. ಎರಡು ಅಡಿ ಆಳದ, ಪೂರ್ತಿ ಬಿಸಿಲಿಗೆ ಬಿದ್ದ ತೊಟ್ಟಿಯಾದರೆ ಎಂಥ ಫಿಲ್ಟರ್ ಹಾಕಿದರೂ ಉಪಯೋಗವಿಲ್ಲ.

ಯೂಟ್ಯೂಬಿನಲ್ಲಿ ತೋರಿಸುವ ಫಿಲ್ಟರನ್ನೇ ಹಾಗೆಯೇ ಮಾಡಿದರೆ ಆಗಲ್ಲವೇ?

ಅವು ಬಹುತೇಕ ತಂಪು ದೇಶದವು. ಅಲ್ಲಿಯವರ ಚಿಂತೆ ನೀರು ತಿಳಿಯಾಗಿರಬೇಕು ಎನ್ನುವುದು. ನಮ್ಮ ಚಿಂತೆ ಮೊದಲು ಉಸಿರಿನದು, ಆಮೇಲೆ ತಿಳಿನೀರಿನದು. ಕಾರಣ ಎರಡು.

ಒಂದು, ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಹಿಡಿಯುವುದು ಕಡಿಮೆ. 20 ಡಿಗ್ರಿ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯದು ಏಳೂವರೆ, 34ರದ್ದು ಏಳು. ಇದು ಸಮುದ್ರಮಟ್ಟದ ಲೆಕ್ಕ. ನಮ್ಮ ಊರುಗಳು ನಾನೂರರಿಂದ ಐನೂರು ಚಿಲ್ಲರೆ ಮೀಟರ್ ಎತ್ತರದಲ್ಲಿರುವುದರಿಂದ ಇನ್ನೂ ಸ್ವಲ್ಪ ಕಡಿಮೆಯೇ. ಕೋಯಿಗೆ ಕನಿಷ್ಠ ಐದಾರು ಬೇಕು. ಅಂದರೆ ಬೇಸಿಗೆಯಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಒಂದೂವರೆ ಮಿಲಿಗ್ರಾಂ. ಇತ್ತ ಬಿಸಿ ನೀರಿನಲ್ಲಿ ಮೀನಿಗೆ ಆಮ್ಲಜನಕದ ಹಸಿವೂ ಹೆಚ್ಚು. ಮೀನು ಬಿಡುವ ಅಮೋನಿಯಾವನ್ನು ಕರಗಿಸುವ ಫಿಲ್ಟರಿನ ಬ್ಯಾಕ್ಟೀರಿಯಾಗಳಿಗೂ ಅದೇ ಆಮ್ಲಜನಕ ಬೇಕು: ಒಂದು ಗ್ರಾಂ ಅಮೋನಿಯಾ ಸಾರಜನಕ ಕರಗಿಸಲು ಅವು ನಾಲ್ಕೂವರೆ ಗ್ರಾಂ ಆಮ್ಲಜನಕ ನುಂಗುತ್ತವೆ.

ಎರಡು, ಅಮೋನಿಯಾದ ವಿಷ. ಮೀನು ಕಿವಿರಿನಿಂದ ಬಿಡುವ ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ವಿಷವಾಗುವುದು ಒಂದೇ ರೂಪ. ಆ ಪಾಲು ಎಷ್ಟೆಂದು ತೀರ್ಮಾನಿಸುವುದು ನೀರಿನ ಬಿಸಿ ಮತ್ತು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ. ಪಿಎಚ್ 8 ಇರುವ ನೀರು 20 ಡಿಗ್ರಿಯಲ್ಲಿದ್ದರೆ ವಿಷದ ಪಾಲು ಶೇಕಡಾ 4ರಷ್ಟು. ಅದೇ ನೀರು 30 ಡಿಗ್ರಿಗೆ ಬಂದರೆ ಶೇ. 7ಕ್ಕಿಂತ ಹೆಚ್ಚು. ಪಿಎಚ್ ಎಂಟೂವರೆಗೆ ಏರಿದರೆ ಶೇ. 20, ಒಂಬತ್ತಕ್ಕೆ ಮುಟ್ಟಿದರೆ ಶೇ. 45ರ ಹತ್ತಿರ. ನಮ್ಮ ಬೋರ್ ನೀರಿನ ಪಿಎಚ್ ಎಂಟರ ಆಸುಪಾಸಿನಲ್ಲೇ ಶುರುವಾಗುವುದು ಸಾಮಾನ್ಯ, ಹಸಿರು ಪಾಚಿ ತುಂಬಿದ ಕೊಳದಲ್ಲಿ ಸಂಜೆ ನಾಲ್ಕಕ್ಕೆ ಒಂಬತ್ತಕ್ಕೆ ಹೋಗುತ್ತದೆ. ಟೆಸ್ಟ್ ಕಿಟ್ ಬೆಳಿಗ್ಗೆಯೂ ಸಂಜೆಯೂ ಒಂದೇ ಅಂಕಿ ತೋರಿಸಿದರೂ ಮೀನಿಗೆ ಎರಡೂ ಒಂದೇ ಅಲ್ಲ.

ಹಾಗಾಗಿ ನಮ್ಮ ಕಡೆಯ ಫಿಲ್ಟರನ್ನು ಆರಿಸುವಾಗ ನಾನು ಮೊದಲು ಕೇಳುವುದು ಒಂದೇ ಮಾತು: ಇದರಲ್ಲಿ ನೀರು ಗಾಳಿಗೆ ಎಷ್ಟು ತೆರೆದುಕೊಳ್ಳುತ್ತದೆ?

ಎಷ್ಟು ಆಳ ಇರಬೇಕು? ನೆಲ ಎರೆಭೂಮಿ ಆದರೆ?

ನಾಲ್ಕೂವರೆಯಿಂದ ಐದು ಅಡಿ. ಅಗಲ ಕಡಿಮೆಯಾದರೂ ಚಿಂತೆಯಿಲ್ಲ, ಆಳ ಕಡಿಮೆ ಮಾಡಬೇಡಿ. ನೆಲದೊಳಗೆ ಹೂತ ಕೊಳ ನೆಲದ ತಂಪನ್ನು ಹಿಡಿದಿರುತ್ತದೆ. ಪೂರ್ತಿ ನೆಲದ ಮೇಲೆ ಕಟ್ಟಿದ ತೊಟ್ಟಿಯ ಪಡುವಣ ಗೋಡೆ ಮಧ್ಯಾಹ್ನ ಮೂರಕ್ಕೆ ಕೈ ಇಡಲಾಗದಷ್ಟು ಕಾದಿರುತ್ತದೆ.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬರೀ ಇಟ್ಟಿಗೆ ಗೋಡೆ ಕಟ್ಟಿ ಪ್ಲಾಸ್ಟರ್ ಮಾಡಿದರೆ ಸೀಳುವುದು ಖಚಿತ. ತಳದಲ್ಲೂ ಬದಿಯಲ್ಲೂ ಒಂದೆರಡು ಅಡಿ ಎರೆಮಣ್ಣು ತೆಗೆದು ಗರಸು ತುಂಬಿ ದಮ್ಮಸು ಮಾಡಿ, ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಕಿಸಿ. ಅಷ್ಟು ಖರ್ಚು ಬೇಡವೆಂದರೆ ಕೃಷಿ ಹೊಂಡಕ್ಕೆ ಹಾಸುವ 500 ಮೈಕ್ರಾನ್ ಎಚ್‌ಡಿಪಿಇ ಹಾಳೆ ನಮ್ಮ ಜಿಲ್ಲೆಗಳಲ್ಲಿ ಸುಲಭವಾಗಿ ಸಿಗುತ್ತದೆ. ಮೂಲೆಗಳಲ್ಲಿ ಮಡಿಸಲು ಸ್ವಲ್ಪ ಹಟ ಮಾಡುತ್ತದೆ, ಆದರೆ ನೆಲ ಅಲುಗಾಡಿದರೆ ತಾನೂ ಅಲುಗುತ್ತದೆ, ಸೀಳುವುದಿಲ್ಲ.

ಸಿಮೆಂಟ್ ಕೊಳವಾದರೆ ಹೊಸದರಲ್ಲಿ ಸುಣ್ಣ ಬಿಡುತ್ತದೆ, ಪಿಎಚ್ ಹತ್ತು ದಾಟುವುದೂ ಉಂಟು. ಹಲವು ಸಲ ತುಂಬಿಸಿ ಖಾಲಿ ಮಾಡಿ, ಅಥವಾ ಮೀನಿಗೆ ಹಾನಿಯಿಲ್ಲದ ಎಪಾಕ್ಸಿ ಬಳಿಸಿ. ಅಂಚು ನೆಲಕ್ಕಿಂತ ಒಂದಡಿ ಮೇಲಿರಲಿ, ಮಳೆಯ ಹೊರನೀರು ಒಳಗೆ ಹರಿಯಬಾರದು.

ಎಷ್ಟು ಮೀನು ಬಿಡಬಹುದು?

ನಮ್ಮ ಉದಾಹರಣೆಯ ಕೊಳಕ್ಕೆ ಎಂಟು. ಬೆರಳುದ್ದದ ಮರಿ ತಂದಾಗ ಐವತ್ತು ಬಿಟ್ಟರೂ ಖಾಲಿ ಖಾಲಿ ಕಾಣುತ್ತದೆ, ಅಲ್ಲೇ ಎಲ್ಲರೂ ಜಾರುವುದು. ಕೋಯಿ ಎರಡು ಅಡಿಯವರೆಗೆ ಬೆಳೆಯುವ ಮೀನು, ಬಿಸಿ ನೀರಿನಲ್ಲಿ ಬೇಗ ಬೆಳೆಯುತ್ತದೆ ಕೂಡ.

ಹಾಗಾದರೆ ಯಾವ ಫಿಲ್ಟರ್ ಹಾಕಿಸಲಿ?

ನೀರು ಹೋಗುವ ದಾರಿಯನ್ನೇ ಹೇಳುತ್ತೇನೆ, ಆಗ ಯಾವುದು ಯಾಕೆ ಎನ್ನುವುದು ತಾನಾಗಿ ತಿಳಿಯುತ್ತದೆ.

ಕೊಳದ ತಳ ನಡುವಿಗೆ ಇಳಿಜಾರಾಗಿರಬೇಕು, ಆ ನಡುವಿನಲ್ಲಿ 4 ಇಂಚಿನ ತಳದ ಡ್ರೈನ್. ಇದನ್ನು ಕಟ್ಟುವಾಗಲೇ ಹಾಕಬೇಕು. ಆಮೇಲೆ ಕೊರೆಯುವ ಮಾತಿಲ್ಲ. ಮೀನಿನ ಹಿಕ್ಕೆ ತಾಜಾ ಇದ್ದಾಗ ಉಂಡೆಯಾಗಿರುತ್ತದೆ, ಆಗಲೇ ಹೊರಗೆ ಎಳೆದರೆ ಅರ್ಧ ಕೆಲಸ ಮುಗಿಯಿತು. ಅದು ಪಂಪಿನ ರೆಕ್ಕೆಗೆ ಸಿಕ್ಕಿ ಪುಡಿಯಾದರೆ ಯಾವ ಜಾಳಿಗೂ ಸಿಗುವುದಿಲ್ಲ. ಆದ್ದರಿಂದ ಪಂಪನ್ನು ಕೊಳದೊಳಗೆ ಮುಳುಗಿಸಿಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ, ಅಂಗಡಿಯವರು ಎಷ್ಟೇ ಸುಲಭ ಅಂದರೂ.

ಡ್ರೈನಿನಿಂದ ನೀರು ತಾನಾಗಿ ಹರಿದು ಪಕ್ಕದ ಸೆಟ್ಲಿಂಗ್ ಟ್ಯಾಂಕಿಗೆ ಬರುತ್ತದೆ. ಟ್ಯಾಂಕಿನ ನಡುವೆ ಒಂದು ಅಗಲವಾದ ಪೈಪ್ ತುಂಡು ನೇತುಹಾಕಿ, ಬರುವ ನೀರನ್ನು ಅದರೊಳಗೆ ಬಿಟ್ಟರೆ ಅದು ಕೆಳಕ್ಕೆ ತಿರುಗುತ್ತದೆ, ವೇಗ ಕಳೆದುಕೊಳ್ಳುತ್ತದೆ, ಹಿಕ್ಕೆ ತಳಕ್ಕೆ ಕೂರುತ್ತದೆ, ತಿಳಿನೀರು ಅಂಚಿನಿಂದ ಮೇಲಕ್ಕೆ ಬರುತ್ತದೆ. 200 ಲೀಟರಿನ ನೀಲಿ ಡ್ರಮ್ ಗಂಟೆಗೆ 4,000 ಲೀಟರ್‌ವರೆಗೆ ಸಾಕು. ನಮ್ಮ ಕೊಳಕ್ಕೆ 5,000 ಬೇಕಾದ್ದರಿಂದ ಎರಡು ಡ್ರಮ್, ಇಲ್ಲವೇ 500 ಲೀಟರಿನ ನೀರಿನ ಟ್ಯಾಂಕ್ ಒಳ್ಳೆಯದು. ತಳಕ್ಕೊಂದು ವಾಲ್ವ್. ದಿನ ಬಿಟ್ಟು ದಿನ ಅದನ್ನು ಎಳೆದರೆ ಮೊದಲು ಚಹಾ ಬಣ್ಣದ ನೀರು, ಆಮೇಲೆ ಕಡುಗಂದು ಗಸಿ, ಹತ್ತಿಪ್ಪತ್ತು ಸೆಕೆಂಡಿಗೆ ತಿಳಿನೀರು. ತಿಳಿಯಾದ ಕೂಡಲೇ ಮುಚ್ಚಿ. ಆ ಗಸಿ ತೆಂಗಿಗೆ, ಕರಿಬೇವಿಗೆ ಬಲು ಹಿತ.

ಒಂದು ಎಚ್ಚರಿಕೆ. ಗುಜರಿಯಲ್ಲಿ ಸಿಗುವ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂದು ಕೇಳದೆ ತರಬೇಡಿ. ಬಳ್ಳಾರಿಯಲ್ಲಿ ಜೀನ್ಸ್ ತೊಳೆಯುವ, ಬಣ್ಣ ಹಾಕುವ ಘಟಕಗಳ ರಾಸಾಯನಿಕದ ಡ್ರಮ್ ಆಗಿರಬಹುದು. ಮೂಸಿ ನೋಡಿದರೆ ಗೊತ್ತಾಗುತ್ತದೆ ಎನ್ನುವವರನ್ನು ನಂಬಬೇಡಿ; ಪ್ಲಾಸ್ಟಿಕ್ ಹೀರಿಕೊಂಡದ್ದು ವಾಸನೆ ಹೋದ ಮೇಲೂ ಬಿಡುತ್ತಿರುತ್ತದೆ. ಎಣ್ಣೆ, ಉಪ್ಪಿನಕಾಯಿ, ಹಣ್ಣಿನ ತಿರುಳು ತುಂಬಿದ್ದ ಡ್ರಮ್ ಆರಿಸಿ.

ಮುಂದೆ ಒಂದು ಡ್ರಮ್ಮಿನಲ್ಲಿ ಬ್ರಷ್ ಅಥವಾ ಒರಟು ಮ್ಯಾಟ್, ತೇಲುವ ಸಣ್ಣ ಕಸಕ್ಕೆ. ಅದರಾಚೆ ಪಂಪ್. ಪಂಪ್ ಇಲ್ಲಿಂದ ನೀರನ್ನು ಎರಡು ಕಡೆ ತಳ್ಳುತ್ತದೆ: ಒಂದು ಪಾಲು ಗಾಳಿ ಗುಳ್ಳೆಗಳಲ್ಲಿ ಮೀಡಿಯಾ (ಬ್ಯಾಕ್ಟೀರಿಯಾ ಅಂಟಿ ಬೆಳೆಯುವ ತುಂಡುಗಳು) ಕುಣಿಯುತ್ತಿರುವ ಡ್ರಮ್ಮಿಗೆ, ಅಂದರೆ ಮೂವಿಂಗ್ ಬೆಡ್‌ಗೆ, ಇನ್ನೊಂದು ಶವರ್ ಟವರಿಗೆ. ಎರಡೂ ಕಡೆಯಿಂದ ನೀರು ಕೊಳಕ್ಕೆ ವಾಪಸ್.

ಶವರ್ ಟವರ್ ಅಂದರೆ ತಳ ತೂತು ಮಾಡಿದ ಮೂರು ನಾಲ್ಕು ತರಕಾರಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ ಮೀಡಿಯಾ ತುಂಬಿ ಮೇಲಿಂದ ನೀರು ಸುರಿಸುವುದು, ಅಷ್ಟೇ. ಕ್ರೇಟುಗಳ ನಡುವೆ ನಾಲ್ಕು ಬೆರಳು ಸಂದು ಬಿಡಿ. ಮೀಡಿಯಾ ಮುಳುಗಿರುವುದಿಲ್ಲ, ಒದ್ದೆಯಾಗಿರುತ್ತದೆ. ಹಾಗಾಗಿ ಬ್ಯಾಕ್ಟೀರಿಯಾಗೆ ಗಾಳಿಯಲ್ಲಿರುವ ಆಮ್ಲಜನಕವೇ ಸಿಗುತ್ತದೆ, ಮೀನಿನ ಪಾಲಿಗೆ ಕೈ ಹಾಕುವುದಿಲ್ಲ. ನೀರೂ ಉಸಿರು ತುಂಬಿಕೊಂಡು ಕೆಳಗಿಳಿಯುತ್ತದೆ. ಜಾಗ, ಹಣ ಎರಡೂ ಕಡಿಮೆಯಿದ್ದು ಒಂದನ್ನೇ ಆರಿಸಬೇಕೆಂದರೆ ನಮ್ಮೂರಿಗೆ ಶವರ್ ಟವರನ್ನೇ ಆರಿಸಿ, ಮೂವಿಂಗ್ ಬೆಡ್ ಮುಂದಿನ ವರ್ಷ ನೋಡೋಣ.

ಈಜುಕೊಳದ ಸ್ಯಾಂಡ್ ಫಿಲ್ಟರ್ ಹಾಕಿದರೆ?

ಬೇಡ. ಮೀನಿನ ಗಸಿಗೆ ಮರಳು ಗಟ್ಟಿ ಕಟ್ಟುತ್ತದೆ, ದೊಡ್ಡ ಮೋಟಾರ್ ಬೇಡುತ್ತದೆ. ಕರೆಂಟ್ ಹೋಗಿ ಕೆಲವು ಗಂಟೆ ನಿಂತರೆ ಒಳಗೆ ಕೊಳೆತ ನೀರು ತಯಾರಾಗುತ್ತದೆ, ಕರೆಂಟ್ ಬಂದಾಗ ಅದೇ ಕೊಳಕ್ಕೆ ನುಗ್ಗುತ್ತದೆ.

ಟವರ್ ಹಾಕಿದರೆ ನೀರು ತಂಪಾಗುತ್ತದಾ? ನೀರು ಎಷ್ಟು ಖರ್ಚಾಗುತ್ತದೆ?

ಎರಡೂ ಒಂದೇ ನಾಣ್ಯದ ಎರಡು ಮುಖ, ಮನೆಯ ಏರ್ ಕೂಲರ್ ಮಾಡುವ ಕೆಲಸವೇ ಇದು. ಏಪ್ರಿಲ್‌ನ ಒಣಹವೆಯಲ್ಲಿ, ಹೊರಗೆ 40 ಡಿಗ್ರಿ ಇದ್ದು ತೇವಾಂಶ ಶೇ. 20-25 ಇದ್ದರೆ, ಗಾಳಿಗೆ ಒಡ್ಡಿದ ನೀರು ತಾತ್ವಿಕವಾಗಿ 23-24 ಡಿಗ್ರಿಯವರೆಗೆ ಇಳಿಯಬಲ್ಲದು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, 10,000 ಲೀಟರಿನಲ್ಲಿ 100 ಲೀಟರ್ ಆವಿಯಾದರೆ ಉಳಿದ ನೀರಿನಿಂದ ಐದಾರು ಡಿಗ್ರಿಯಷ್ಟು ಶಾಖ ಹೋಗುತ್ತದೆ. ಆದರೆ ಬಿಸಿಲು, ಬಿಸಿಗಾಳಿ ಅದನ್ನು ಮತ್ತೆ ತುಂಬುತ್ತಲೇ ಇರುತ್ತವೆ. ಥರ್ಮಾಮೀಟರಿನಲ್ಲಿ ಕಾಣುವುದು ಒಂದೆರಡು ಡಿಗ್ರಿ, ಹೆಚ್ಚೆಂದರೆ ಮೂರು. ಆ ಮೂರು ಡಿಗ್ರಿಯೇ 33ಕ್ಕೂ 30ಕ್ಕೂ ಇರುವ ವ್ಯತ್ಯಾಸ. ಜುಲೈ, ಆಗಸ್ಟಿನ ತೇವದ ಗಾಳಿಯಲ್ಲಿ ಈ ಲಾಭ ಅಷ್ಟಾಗಿ ಇಲ್ಲ.

ನೀರಿನ ಖರ್ಚು: ಬಿರುಬೇಸಿಗೆಯಲ್ಲಿ ತೆರೆದ ಮೇಲ್ಮೈಯಿಂದ ದಿನಕ್ಕೆ ಒಂದು ಸೆಂಟಿಮೀಟರಿನಷ್ಟು ಹೋಗುತ್ತದೆ ಎಂದಿಟ್ಟುಕೊಳ್ಳಿ, ನಮ್ಮ ಕೊಳದಲ್ಲಿ ಅದು 75 ಲೀಟರ್. ಟವರ್ ಸೇರಿದರೆ ದಿನಕ್ಕೆ ಎಂಟು ಹತ್ತು ಕೊಡ ಲೆಕ್ಕ ಹಿಡಿಯಿರಿ, ಗಾಳಿ ಜೋರಿದ್ದ ದಿನ ಇನ್ನೂ ಹೆಚ್ಚು. ನಲ್ಲಿ ನೀರು ವಾರಕ್ಕೊಮ್ಮೆ ಬರುವ ಬಡಾವಣೆಯಲ್ಲಿದ್ದರೆ ಕೊಳ ತೋಡುವ ಮೊದಲೇ ಇದನ್ನು ಯೋಚಿಸಿ. ಟವರಿನ ಗಾಳಿ ಬೀಸುವ ಬದಿಗೆ ಒಂದು ಹಾಳೆ ಅಡ್ಡ ಕಟ್ಟಿದರೆ ಸಿಡಿದು ಹೋಗುವ ಹನಿ ಉಳಿಯುತ್ತದೆ. ಆವಿಯಾಗುವುದಕ್ಕೆ ಅಡ್ಡ ಬರಬೇಡಿ, ಸಿಡಿಯುವುದನ್ನು ಮಾತ್ರ ತಡೆಯಿರಿ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ: ಆವಿಯಾಗುವುದು ಬರೀ ನೀರು, ಉಪ್ಪು ಸುಣ್ಣ ಅಲ್ಲೇ ಉಳಿಯುತ್ತವೆ. ಕಡಿಮೆಯಾದಷ್ಟು ತುಂಬಿಸುತ್ತಾ ಹೋದರೆ ಗಡಸು ದಿನೇ ದಿನೇ ಏರುತ್ತದೆ. ವಾರಕ್ಕೆ ಶೇ. 10 ಹಳೆ ನೀರನ್ನು ಗಿಡಕ್ಕೆ ಬಿಟ್ಟು ಹೊಸದು ತುಂಬಿಸಿ.

ಮೀಡಿಯಾ ಬೆಂಗಳೂರಿನಿಂದಲೇ ತರಿಸಬೇಕಾ? ಇಲ್ಲಿ ಸಿಗುವುದರಲ್ಲಿ ಆಗಲ್ಲವಾ?

ಬಹಳಷ್ಟು ಇಲ್ಲೇ ಆಗುತ್ತದೆ. ಬೇಕಾದ್ದು ಮೂರು ಗುಣ: ಮೇಲ್ಮೈ ಜಾಸ್ತಿ, ನೀರಿನಲ್ಲಿ ಕರಗಬಾರದು, ನಡುವೆ ಸಂದು ಇರಬೇಕು.

ಕರೆಂಟ್ ವೈರಿಂಗಿಗೆ ಬಳಸುವ ಸುರುಳಿ ಪೈಪನ್ನು ಅಂಗುಲದುದ್ದ ಕತ್ತರಿಸಿದ ತುಂಡು ಟವರಿಗೆ ಚೆನ್ನ. ಹಸಿರು ನೆರಳು ಬಲೆಯ ಚೂರುಗಳನ್ನು ಸಡಿಲವಾಗಿ ಸುತ್ತಿ ತುಂಬಿದರೂ ಕೆಲಸ ಮಾಡುತ್ತದೆ. ಹೆಂಚಿನ ಚೂರು ಚೆನ್ನಾಗಿ ಸುಟ್ಟದ್ದಾದರೆ ಸರಿ. ಅರೆಬೆಂದದ್ದು ಪುಡಿಯಾಗಿ ಕೆಸರಾಗುತ್ತದೆ. ಜಲ್ಲಿಕಲ್ಲು ಬೇಡವೇ ಬೇಡ. ತೂಕ ಮಣಗಟ್ಟಲೆ, ಮೇಲ್ಮೈ ಕಡಿಮೆ, ತೊಳೆಯಲು ಹೋದರೆ ಸೊಂಟ ಹಿಡಿಯುತ್ತದೆ. ತೆಂಗಿನ ನಾರು, ಭತ್ತದ ಹೊಟ್ಟು ಕೊಳೆಯುತ್ತವೆ. ಗಂಗಾವತಿ, ಸಿಂಧನೂರು ಕಡೆಯವರು ಹೊಟ್ಟಿನ ಬೂದಿ ಬಗ್ಗೆ ಕೇಳುತ್ತಾರೆ, ಅದೂ ಬೇಡ, ಪಿಎಚ್ ಏರಿಸುತ್ತದೆ.

ಮೂವಿಂಗ್ ಬೆಡ್‌ಗೆ ಮಾತ್ರ ಅದಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಚಕ್ರಗಳನ್ನು ಕೊಳ್ಳಿ. ಮನೆಯಲ್ಲಿ ಕತ್ತರಿಸಿದ ತುಂಡು ಮುಳುಗುತ್ತದೆ ಅಥವಾ ತೇಲುತ್ತದೆ, ಕುಣಿಯುವುದಿಲ್ಲ.

ಮೀಡಿಯಾ ಎಷ್ಟು ಬೇಕು, ಹೇಗೆ ಲೆಕ್ಕ ಹಾಕುವುದು?

ನೀರಿನ ಲೆಕ್ಕದಲ್ಲಲ್ಲ, ಊಟದ ಲೆಕ್ಕದಲ್ಲಿ. ಎಂಟು ಮೀನು ಒಂದೂವರೆ ಅಡಿಗೆ ಬೆಳೆದಾಗ ದಿನಕ್ಕೆ 150 ಗ್ರಾಂ ತಿನ್ನುತ್ತವೆ ಎಂದಿಟ್ಟುಕೊಳ್ಳೋಣ. 100 ಗ್ರಾಂ ಆಹಾರದಿಂದ ಸುಮಾರು 3 ಗ್ರಾಂ ಅಮೋನಿಯಾ, 150ಕ್ಕೆ ನಾಲ್ಕೂವರೆ. ಒಂದು ಚದರ ಮೀಟರ್ ಮೇಲ್ಮೈ ದಿನಕ್ಕೆ 0.3 ಗ್ರಾಂ ಕರಗಿಸುತ್ತದೆ ಎಂದು ಹಿಡಿದರೆ 15 ಚದರ ಮೀಟರ್ ಬೇಕು. ಮೂವಿಂಗ್ ಬೆಡ್ ಮೀಡಿಯಾ ಲೀಟರಿಗೆ ಅರ್ಧ ಚದರ ಮೀಟರ್ ಕೊಡುತ್ತದೆ. ಅಂದರೆ 30 ಲೀಟರ್. ಕಾಗದದ ಮೇಲೆ ಅಷ್ಟು ಸಾಕು. ನಾನಾದರೆ ಮೂರು ಪಟ್ಟು ಹಾಕಿಸುತ್ತೇನೆ, ಏಕೆಂದರೆ ಹಬ್ಬಕ್ಕೆ ಬಂದ ಮಕ್ಕಳೆಲ್ಲ ಒಂದೊಂದು ಹಿಡಿ ಹಾಕಿ ಹೋಗುತ್ತಾರೆ. 200 ಲೀಟರ್ ಡ್ರಮ್ಮಿಗೆ 90-100 ಲೀಟರ್ ಮೀಡಿಯಾ ತುಂಬಿದರೆ ಕುಣಿಯಲು ಜಾಗವೂ ಉಳಿಯುತ್ತದೆ.

ಪಂಪ್ ಎಷ್ಟು ದೊಡ್ಡದಿರಬೇಕು? ಬಿಲ್ ಎಷ್ಟು ಬರುತ್ತದೆ?

ಎರಡು ಗಂಟೆಗೊಮ್ಮೆ ಕೊಳದ ನೀರೆಲ್ಲ ಒಂದು ಸುತ್ತು ಬರಬೇಕು. ಅಂದರೆ ಗಂಟೆಗೆ 5,000 ಲೀಟರ್, ಅದೂ ಟವರಿನ ತುದಿಯಲ್ಲಿ ಅಳೆದಾಗ. ಡಬ್ಬಿಯ ಮೇಲೆ ಬರೆದ ಅಂಕಿ ಎತ್ತರವೇ ಇಲ್ಲದಾಗಿನದು. ಬರೆದಿರುವ ಗರಿಷ್ಠ ಎತ್ತರಕ್ಕೆ ಹೋದರೆ ನೀರು ಸೊನ್ನೆ. ಆರಡಿ ಎತ್ತಬೇಕಿದ್ದರೆ ಗರಿಷ್ಠ ಎತ್ತರ 3ರಿಂದ 3.5 ಮೀಟರ್ ಇರುವ, 60 ವ್ಯಾಟಿನ ಆಸುಪಾಸಿನ ಪಂಪ್ ನೋಡಿ. ಬಕೆಟ್ ಮತ್ತು ಗಡಿಯಾರ ಹಿಡಿದು ಅಳೆಯಿರಿ: 20 ಲೀಟರ್ ಬಕೆಟ್ 14-15 ಸೆಕೆಂಡಿಗೆ ತುಂಬಿದರೆ 5,000 ಲೀಟರ್.

ಮನೆಯಲ್ಲಿರುವ ಅರ್ಧ ಎಚ್‌ಪಿ ಮೋಟಾರನ್ನೇ ಹಾಕುವ ಯೋಚನೆ ಬಿಡಿ, ದಿನಕ್ಕೆ ಒಂಬತ್ತು ಹತ್ತು ಯೂನಿಟ್ ತಿನ್ನುತ್ತದೆ. ಕೂಲರಿನ ಪಂಪ್ 24 ಗಂಟೆ ಓಡಲು ಹುಟ್ಟಿದ್ದಲ್ಲ.

60 ವ್ಯಾಟಿನ ಪಂಪ್ ತಿಂಗಳಿಗೆ 43 ಯೂನಿಟ್, 35 ವ್ಯಾಟಿನ ಏರ್ ಪಂಪ್ 25, ಪಾಚಿ ಕೊಲ್ಲುವ 18 ವ್ಯಾಟಿನ ಯುವಿ ದೀಪ 13. ಒಟ್ಟು 80ರ ಮೇಲೆ. ಗೃಹಜ್ಯೋತಿಯಲ್ಲಿ ನಿಮಗಿರುವ ಉಚಿತ ಯೂನಿಟ್ ಹಳೆಯ ಸರಾಸರಿ ಬಳಕೆಯ ಮೇಲೆ ನಿಂತಿದೆ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್. ಬೇಸಿಗೆಯಲ್ಲಿ ಎಸಿ, ಕೂಲರ್ ಜೊತೆ ಇದೂ ಸೇರಿದರೆ ಏನಾಗುತ್ತದೆಂದು ಮನೆಯವರ ಜೊತೆ ಮೊದಲೇ ಕೂತು ಲೆಕ್ಕ ಹಾಕುವುದು ಮೇಲು.

ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ನೀರಿನ ಹತ್ತಿರ ಯಾವ ಪ್ಲಗ್ಗನ್ನೂ ಹಾಕಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ಕರೆಂಟ್ ಹೋದರೆ?

ಬೇಸಿಗೆ ರಾತ್ರಿ ಕರೆಂಟ್ ಹೋಗುವುದೇ ನಮ್ಮ ಕಡೆ ಕೋಯಿ ಸಾಯುವ ದೊಡ್ಡ ಕಾರಣ. ಪಾಚಿ ರಾತ್ರಿ ಆಮ್ಲಜನಕ ಬಿಡುವುದಿಲ್ಲ, ತಾನೂ ಕುಡಿಯುತ್ತದೆ. ನಸುಕಿನ ನಾಲ್ಕೈದು ಗಂಟೆಗೆ ಮಟ್ಟ ಅತಿ ಕೆಳಗೆ. ಆ ಹೊತ್ತಿಗೆ ಮೀನುಗಳು ನೀರು ಬೀಳುವ ಜಾಗದಲ್ಲಿ ಗುಂಪುಗೂಡಿ ಬಾಯಿ ಮೇಲೆ ಮಾಡಿ ಲಬಲಬ ಅನ್ನುತ್ತಿದ್ದರೆ ಹಸಿವೆಂದು ಆಹಾರ ಹಾಕಬೇಡಿ, ಅದು ಉಸಿರಿಗಾಗಿ. ದೊಡ್ಡ ಮೀನು ಮೊದಲು ಹೋಗುತ್ತದೆ, ಮರಿಗಳು ಉಳಿಯುತ್ತವೆ. ಬೆಳಿಗ್ಗೆ ನೋಡಿದವರು ರೋಗ ಅಂದುಕೊಳ್ಳುತ್ತಾರೆ.

ಪಂಪಿಗಲ್ಲದಿದ್ದರೂ ಏರ್ ಪಂಪಿಗೆ ಇನ್ವರ್ಟರ್ ಕೊಡಿ. 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ 35 ವ್ಯಾಟಿನ ಏರ್ ಪಂಪ್ ಹೆಚ್ಚುಕಡಿಮೆ 20 ಗಂಟೆ ಓಡುತ್ತದೆ. ಮನೆಯ ಫ್ಯಾನುಗಳ ಜೊತೆ ಸೇರಿಸಿದರೆ ಅಷ್ಟು ಬರುವುದಿಲ್ಲ, ಆದ್ದರಿಂದ ಬೇರೆ ಚಿಕ್ಕ ಬ್ಯಾಟರಿ ಇಟ್ಟರೆ ಒಳ್ಳೆಯದು. ಏನೂ ಇಲ್ಲದಿದ್ದರೆ ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತರದಿಂದ ಸುರಿಯುತ್ತಿರಿ.

ನೆರಳಿಗೆ ಏನು ಮಾಡಲಿ?

ಶೇ. 50ರಿಂದ 75ರ ನೆರಳು ಬಲೆ, ನೀರಿನಿಂದ ಏಳೆಂಟು ಅಡಿ ಮೇಲೆ, ನಾಲ್ಕೂ ಬದಿ ತೆರೆದು. ತೀರಾ ಕೆಳಗೆ ಕಟ್ಟಿದರೆ ಗಾಳಿ ಆಡುವುದಿಲ್ಲ. ತಗಡಿನ ಶೀಟ್ ಹಾಕಿದರೆ ಅದೇ ಕಾದು ಶಾಖ ಸುರಿಸುತ್ತದೆ. ಬೇವಿನ ಮರದ ನೆರಳು ತಂಪು ಹೌದು, ಆದರೆ ಎಲೆ ಉದುರುವ ಕಾಲದಲ್ಲಿ ಬ್ರಷ್ ಡ್ರಮ್ ದಿನಕ್ಕೆರಡು ಸಲ ತೊಳೆಯುವ ಪಾಡು. ಮಿಂಚುಳ್ಳಿ, ಬಕಪಕ್ಷಿಗಳ ಕಾಟಕ್ಕೂ ಬಲೆ ಒಂದು ಮಟ್ಟಿಗೆ ಉತ್ತರ.

ಬೋರ್ ನೀರು, ನಲ್ಲಿ ನೀರು, ಟ್ಯಾಂಕರ್, ಕಾಲುವೆ: ಯಾವುದು?

ಬೋರ್ ನೀರು ಗಡಸಾದರೂ ಕೋಯಿಗೆ ತೊಂದರೆಯಿಲ್ಲ, ಬ್ಯಾಕ್ಟೀರಿಯಾಗೆ ಬೇಕಾದ ಕ್ಷಾರ ಅದರಲ್ಲಿ ಧಾರಾಳ. ಆದರೆ ನೆಲದಾಳದ ನೀರಿನಲ್ಲಿ ಆಮ್ಲಜನಕ ಕಡಿಮೆ. ಟವರಿನ ಮೇಲಿಂದಲೇ ಸುರಿಸಿ ಒಳಗೆ ಬಿಡಿ. ಆರ್‌ಒ ನೀರಿನಲ್ಲಿ ಆ ಕ್ಷಾರವೇ ಇಲ್ಲ, ಅದರಲ್ಲಿ ಕೊಳ ತುಂಬಿಸುವುದು ದುಡ್ಡು ಕೊಟ್ಟು ಪಿಎಚ್ ಕೆಡಿಸಿಕೊಂಡಂತೆ.

ನಲ್ಲಿ ನೀರು, ಟ್ಯಾಂಕರ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅಕ್ವೇರಿಯಂ ಅಂಗಡಿಯ ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್, ಒಂದು ಪಿಪಿಎಂ ಕ್ಲೋರಿನ್ನಿಗೆ ಸಾವಿರ ಲೀಟರಿಗೆ 7 ಗ್ರಾಂ. ಬ್ಲೀಚಿಂಗ್ ಪುಡಿ ಆಗಷ್ಟೇ ಹಾಕಿದ ಟ್ಯಾಂಕರ್ ಆದರೆ ಅಳೆಯದೆ ಬಿಡಬೇಡಿ. ಪೈಪ್ ಹಾಕಿ ಧಾರಾವಾಹಿ ನೋಡಲು ಒಳಗೆ ಹೋಗಬೇಡಿ.

ತುಂಗಭದ್ರೆಯ ಕಾಲುವೆ ನೀರು ಹತ್ತಿರವಿದ್ದರೂ ನಾನು ಬಿಡುವುದಿಲ್ಲ. ಭತ್ತದ ಗದ್ದೆಗಳ ಔಷಧಿ ಅದಕ್ಕೆ ಬಸಿದು ಸೇರುತ್ತದೆ, ಬೇಸಿಗೆಯಲ್ಲಿ ಕಾಲುವೆಯೂ ನಿಲ್ಲುತ್ತದೆ. ಹಾಗೆಯೇ ನಿಮ್ಮ ಕೋಯಿಯನ್ನೂ ಕಾಲುವೆಗೆ, ಕೆರೆಗೆ ಬಿಡಬೇಡಿ.

ನೀರು ಹಸಿರಾಗಿದೆ, ಫಿಲ್ಟರ್ ಕೆಟ್ಟಿದೆಯಾ?

ಇಲ್ಲ, ಬಿಸಿಲು ಜಾಸ್ತಿಯಾಗಿದೆ. ಯುವಿ ದೀಪ ತೇಲುವ ಪಾಚಿಯನ್ನು ಕೊಲ್ಲುತ್ತದೆ, ಸಾವಿರ ಲೀಟರಿಗೆ ಒಂದೂವರೆ ಎರಡು ವ್ಯಾಟ್ ಲೆಕ್ಕ. ದೀಪ ಉರಿಯುತ್ತಿರುವಂತೆ ಕಂಡರೂ ವರ್ಷವಾಗುವಷ್ಟರಲ್ಲಿ ಶಕ್ತಿ ಕುಂದಿರುತ್ತದೆ, ಬದಲಿಸಿ. ಸಂಕ್ರಾಂತಿ ಮುಗಿದ ಮೇಲೆ ಬದಲಿಸಿದರೆ ಬೇಸಿಗೆಗೆ ಹೊಸ ದೀಪ ಸಿಕ್ಕಂತಾಗುತ್ತದೆ. ಗೋಡೆಗೆ ಅಂಟಿದ ಪಾಚಿ ಇರಲಿ ಬಿಡಿ, ಮೀನು ಮೇಯುತ್ತವೆ.

ಐಸ್ ಹಾಕಬಹುದಾ?

ಬೇಡ. 10,000 ಲೀಟರಿಗೆ ಒಂದು ದಿಮ್ಮಿ ಐಸ್ ಲೆಕ್ಕಕ್ಕೇ ಇಲ್ಲ.

ಬೇಸಿಗೆಯಲ್ಲಿ ಊಟ ಎಷ್ಟು?

ನೀರು 30 ದಾಟಿದರೆ ಅರ್ಧ, 32 ದಾಟಿದರೆ ಎರಡು ದಿನಕ್ಕೊಮ್ಮೆ ಚಿಟಿಕೆಯಷ್ಟು. ಬೆಳಿಗ್ಗೆ ಎಂಟರ ಹೊತ್ತಿಗೆ ಹಾಕಿ, ಸಂಜೆ ಹಾಕಬೇಡಿ. ಪಿಎಚ್ ಏರಿದ ಹೊತ್ತಿಗೆ ಅಮೋನಿಯಾ ಸೇರಿಸುವುದು ಯಾರಿಗೆ ಬೇಕು? ಮೀನು ಹಸಿವಿನಿಂದ ಸಾಯುವುದಿಲ್ಲ.

ಫಿಲ್ಟರ್ ಹೇಗೆ ತೊಳೆಯುವುದು?

ಸೆಟ್ಲಿಂಗ್ ಟ್ಯಾಂಕ್, ಬ್ರಷ್: ಎಷ್ಟು ಸಲ ಬೇಕಾದರೂ. ಟವರಿನ ಮೀಡಿಯಾ: ಕಟ್ಟಿಕೊಂಡರೆ ಮಾತ್ರ, ಒಮ್ಮೆಗೆ ಒಂದೇ ಕ್ರೇಟು, ಕೊಳದ ನೀರಿನಲ್ಲೇ ಅದ್ದಿ ತೆಗೆದು. ಪೈಪ್ ತುಂಡು ಬೆರಳಲ್ಲಿ ಉಜ್ಜಿದರೆ ತೆಳು ಕಂದು ಲೋಳೆ ಅಂಟುತ್ತದಲ್ಲ, ಅದೇ ನೀವು ಸಾಕಿದ ಬ್ಯಾಕ್ಟೀರಿಯಾ. ನಲ್ಲಿ ನೀರಿನಲ್ಲಿ ತೊಳೆದು ಬೆಳ್ಳಗೆ ಮಾಡಿದರೆ ಫಿಲ್ಟರ್ ಮತ್ತೆ ಮೊದಲಿನಿಂದ ಶುರು.

ಸಂಡೂರು, ಗಿಣಿಗೇರಾ ಕಡೆ ಧೂಳು ಬೀಳುತ್ತದೆ, ಏನು ಮಾಡೋದು?

ಬ್ರಷ್ ಡ್ರಮ್ಮಿನ ನಂತರ ಒಂದು ಪದರ ಸಣ್ಣ ಸ್ಪಂಜು ಇಡಿ, ವಾರಕ್ಕೊಮ್ಮೆ ಹಿಂಡಿ. ಮಳೆಗಾಲದ ಮೊದಲ ಮಳೆಯಲ್ಲಿ ಮಾಳಿಗೆಯ ನೀರು ಕೊಳಕ್ಕೆ ಬೀಳದಂತೆ ಪೈಪ್ ತಿರುಗಿಸಿ, ವರ್ಷವಿಡೀ ಕೂತ ಧೂಳೆಲ್ಲ ಅದರಲ್ಲೇ ಇರುತ್ತದೆ.

ಕೊಳ ಇದ್ದರೆ ಸೊಳ್ಳೆ ಹೆಚ್ಚಾಗುತ್ತದೆ ಎಂದು ಪಕ್ಕದ ಮನೆಯವರ ತಕರಾರು.

ಕೊಳದಲ್ಲಿ ಆಗುವುದಿಲ್ಲ, ಮರಿಹುಳುವನ್ನು ಮೀನು ಉಳಿಸುವುದಿಲ್ಲ. ಆಗುವುದು ಮೀನಿಲ್ಲದ ಡ್ರಮ್ಮುಗಳಲ್ಲಿ. ಎಲ್ಲಕ್ಕೂ ಸೊಳ್ಳೆಪರದೆ ಬಟ್ಟೆ ಕಟ್ಟಿ. ಲಾರ್ವಾ ಸಮೀಕ್ಷೆಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಮುಚ್ಚಳ ತೆಗೆದು ತೋರಿಸಿ.

ಹೊಸ ಫಿಲ್ಟರ್ ಕೆಲಸಕ್ಕೆ ಬರಲು ಎಷ್ಟು ದಿನ? ಯಾವಾಗ ಶುರು ಮಾಡಲಿ?

ಬ್ಯಾಕ್ಟೀರಿಯಾ ಕೂರಲು ನಾಲ್ಕರಿಂದ ಆರು ವಾರ, ಬಿಸಿ ನೀರಿನಲ್ಲಿ ಸ್ವಲ್ಪ ಬೇಗ. ಮೊದಲು ಅಮೋನಿಯಾ ಏರುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುವುದರಿಂದ ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ, ಕೊನೆಗೆ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಉಳಿಯುತ್ತದೆ. ಬೇರೆಯವರ ಓಡುತ್ತಿರುವ, ರೋಗವಿಲ್ಲದ ಕೊಳದಿಂದ ಒಂದು ಕ್ರೇಟು ಹಳೆ ಮೀಡಿಯಾ ತಂದರೆ ಅರ್ಧ ಸಮಯ ಉಳಿಯುತ್ತದೆ. ನೈಟ್ರೈಟ್ ಏರಿದ ದಿನಗಳಲ್ಲಿ ಸಾವಿರ ಲೀಟರಿಗೆ ಒಂದು ಕಿಲೋ ಕಲ್ಲುಪ್ಪು ಕರಗಿಸಿ ಹಾಕಿದರೆ ನೈಟ್ರೈಟ್ ಕಿವಿರಿನೊಳಗೆ ಹೋಗುವುದನ್ನು ಉಪ್ಪು ತಡೆಯುತ್ತದೆ. ಆ ನೀರನ್ನು ಮಾತ್ರ ಗಿಡಕ್ಕೆ ಬಿಡಬೇಡಿ.

ಶುರು ಮಾಡಲು ದೀಪಾವಳಿ ಮುಗಿದ ಮೇಲೆ ಒಳ್ಳೆಯ ಕಾಲ. ನವೆಂಬರಿನಲ್ಲಿ ನೀರು ತುಂಬಿಸಿ ಎರಡೇ ಮೀನು ಬಿಡಿ, ಜನವರಿಯಲ್ಲಿ ಇನ್ನೆರಡು, ಉಳಿದದ್ದು ಫೆಬ್ರವರಿಯ ಮೊದಲ ವಾರದೊಳಗೆ. ಚೆನ್ನೈನ ಕೊಳತ್ತೂರಿನಿಂದಲೋ ಬೆಂಗಳೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಬರುವ ಮೀನಿಗೆ ಚಳಿಗಾಲದ ಪ್ರಯಾಣವೇ ಹಗುರ. ಬಂದ ಮೇಲೆ ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಮಾರ್ಚ್ ಬಂದ ಮೇಲೆ ಎಷ್ಟೇ ಚಂದದ ಕೊಹಾಕು (ಬಿಳಿ ಮೈಗೆ ಕೆಂಪು ಮಚ್ಚೆಯ ಕೋಯಿ) ಕಂಡರೂ ತರಬೇಡಿ, ಅಂಗಡಿಯವನಿಗೆ ಮುಂಗಡ ಕೊಟ್ಟು ಅಕ್ಟೋಬರಿಗೆ ಹೇಳಿಡಿ.